ಅಡ್ಕ, ಪದವು, ಪಾದೆ: ಕಲ್ಲಡ್ಕ ಪರಿಸರದ ಭೂನಕ್ಷೆ ಮತ್ತು ಭೂವೈಜ್ಞಾನಿಕ ಬರಹಗಳ ವಿಮರ್ಶೆ

ಬಂಟ್ವಾಳ ತಾಲೂಕಿನ ಕಲ್ಲಡ್ಕವು ಭಾರತೀಯ ಸರ್ವೇಕ್ಷಣ ಇಲಾಖೆಯ ಭೂಲಕ್ಷಣ ನಕ್ಷೆಗಳಲ್ಲಿ 48 ಪಿ/1 ಎಂಬ ಹಾಳೆಗೆ ಸೇರಿದ ಒಂದು ಪೇಟೆ. ಮಂಗಳೂರಿನಿಂದ ಶಿರಾಡಿ ಘಟ್ಟದತ್ತ ಸಾಗುವ ಹೆದ್ದಾರಿಯ ಪಯಣಿಗರಿಗೆ ಅದರ ಪರಿಚಯವಿರುವುದು ಬಹುಮಟ್ಟಿಗೆ ಅಲ್ಲಿಯ ಚಹಾದಿಂದ. ತುಳು ಬಲ್ಲವರಿಗಾದರೋ ಆ ಹೆಸರೇ ಒಂದು ನೆಲದ ಟಿಪ್ಪಣಿ. ‘ಕಲ್ಲ್’ ಮತ್ತು ‘ಅಡ್ಕ’ ಎಂಬೆರಡು ಪದಗಳು ಕೂಡಿ ಆದ ಈ ಹೆಸರು ಕಲ್ಲಿನಿಂದ ಕೂಡಿದ, ಬೇಸಾಯಕ್ಕೆ ಒಗ್ಗದ, ಸಮತಟ್ಟಾದ ಹರವೊಂದನ್ನು ಸೂಚಿಸುತ್ತದೆ. ನಕ್ಷೆಯು ಈ ಹೆಸರನ್ನು ಅಚ್ಚು ಮಾಡಿದೆ, ಅರ್ಥವನ್ನು ದಾಖಲಿಸಿಲ್ಲ. ಎರಡು ಶತಮಾನಗಳಿಗೂ ಮಿಕ್ಕಿದ ಅವಧಿಯಲ್ಲಿ ಈ ಸೀಮೆಯ ಕುರಿತು ನಡೆದ ಅಳತೆ, ನಕ್ಷಾರಚನೆ ಹಾಗೂ ಭೂವೈಜ್ಞಾನಿಕ ಶೋಧಗಳನ್ನು ಒಂದು ಬರಹಪರಂಪರೆಯೆಂದು ಪರಿಗಣಿಸಿ ಓದಿದಾಗ, ಹೆಸರನ್ನು ಉಳಿಸಿಕೊಂಡು ಅರ್ಥವನ್ನು ಬಿಟ್ಟುಕೊಟ್ಟ ಈ ಪ್ರವೃತ್ತಿಯೇ ಅದರ ಮುಖ್ಯ ಕೊರತೆಯಾಗಿ ಕಾಣುತ್ತದೆ. ಆ ಕೊರತೆಯ ಪರಿಣಾಮ ಶಬ್ದಕೋಶಕ್ಕೆ ಸೀಮಿತವಾದುದಲ್ಲ. ನೀರು, ಕಲ್ಲುಕೋರೆ, ಭೂಬಳಕೆಗಳ ತನಕ ಅದು ಚಾಚಿಕೊಂಡಿದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನೆಲವನ್ನು ತುಳು ಮಾತಾಡುವ ರೈತನು ಹಲವು ಹೆಸರುಗಳಿಂದ ವಿಂಗಡಿಸುತ್ತಾನೆ. ಎರಡು ಗುಡ್ಡಗಳ ನಡುವಣ ತಗ್ಗಿನ, ನೀರೊಸರುವ ಗದ್ದೆಯ ನೆಲ ಬೈಲು; ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಮಜಲು; ಮಳೆಯನ್ನೇ ನೆಚ್ಚಿದ ಎತ್ತರದ ಗದ್ದೆ ಬೆಟ್ಟು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಲ್ಲಿ ಯಾವುದು ಎಲ್ಲಿ ಸಾಧ್ಯವೆಂಬುದು ಈ ವಿಂಗಡಣೆಯಿಂದಲೇ ತಿಳಿಯುತ್ತದೆ. ಗದ್ದೆಯ ಎಲ್ಲೆ ದಾಟಿದ ಮೇಲೆ ಅಡ್ಕ, ಪದವು, ಪಾದೆ, ಗುಡ್ಡೆ, ಬರೆ ಎಂಬ ಇನ್ನೊಂದು ಸಾಲು ಹೆಸರುಗಳು ಬರುತ್ತವೆ. ಪದವು ಎಂದರೆ ಗುಡ್ಡದ ನೆತ್ತಿಯ ವಿಶಾಲವಾದ ಮಟ್ಟಸ ನೆಲ. ಅಡ್ಕವು ಅಷ್ಟು ಎತ್ತರದಲ್ಲೇ ಇರಬೇಕೆಂದಿಲ್ಲ, ಆದರೆ ಸಮತಟ್ಟಾಗಿಯೂ ಗಡುಸಾಗಿಯೂ ಇರಬೇಕು. ಪಾದೆಯು ಮಣ್ಣಿನ ಹೊದಿಕೆಯಿಲ್ಲದೆ ಬತ್ತಲಾಗಿ ತೋರುವ ಬಂಡೆ. ಬರೆಯು ಇಳಿಜಾರಿನ ಕಡಿದಾದ ಅಂಚು. ಕಲ್ಲಿನಲ್ಲೂ ಮುರಕಲ್ಲು ಬೇರೆ, ಕರಿಗಲ್ಲು ಬೇರೆ. ಪದವಿನ ಮೇಲೆ ಮಳೆನೀರು ನಿಲ್ಲುವ ಪಳ್ಳ, ನೀರನ್ನು ತಡೆಯಲು ಕಟ್ಟಿದ ಮದಕ, ಇಳಿದು ಹರಿಯುವ ತೋಡು ಇವುಗಳಿಗೂ ಪ್ರತ್ಯೇಕ ಹೆಸರುಗಳಿವೆ. ಮಣಿಪಾಲವೆಂಬ ಹೆಸರು ಅಲ್ಲಿಯ ಮಣ್ಣಪಳ್ಳದಿಂದ ಬಂದುದೆಂಬುದು ಪ್ರಸಿದ್ಧವಾಗಿದೆ. ಎತ್ತರ, ಇಳಿಜಾರು, ಶಿಲೆಯ ಬಗೆ, ನೀರಿನ ನಿಲುಗಡೆ ಎಂಬ ನಾಲ್ಕು ಅಂಶಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಪದಸಮೂಹವನ್ನು ಭೂರೂಪಗಳ ವರ್ಗೀಕರಣವೆಂದೇ ಕರೆಯಬೇಕಾಗುತ್ತದೆ.

ಈ ಸೀಮೆಯ ನೆಲವನ್ನು ವಿದೇಶೀ ವಿದ್ವತ್ತಿನ ಕಣ್ಣಿನಿಂದ ನೋಡಿ ಬರೆದವರಲ್ಲಿ ಮೊದಲಿಗರ ಸಾಲಿನಲ್ಲಿ ನಿಲ್ಲುವವನು ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣದ ಪತನಾನಂತರ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮದರಾಸಿನಿಂದ ಹೊರಟ ಈ ವೈದ್ಯ ಮತ್ತು ಸಸ್ಯಶಾಸ್ತ್ರಜ್ಞನು ಮೈಸೂರು, ಮಲಬಾರುಗಳನ್ನು ಹಾದು 1801ರ ಆರಂಭದಲ್ಲಿ ಕನ್ನಡ ಜಿಲ್ಲೆಯನ್ನು ಪ್ರವೇಶಿಸಿದನು. ಮಂಗಳೂರು, ನೇತ್ರಾವತಿಯ ದಡ, ಜಮಾಲಾಬಾದ್, ಮೂಡುಬಿದಿರೆಗಳ ವಿವರಗಳು 1807ರಲ್ಲಿ ಪ್ರಕಟವಾದ ಅವನ ಮೂರು ಸಂಪುಟಗಳ ಪ್ರವಾಸಕಥನದಲ್ಲಿವೆ. ಭೂವಿಜ್ಞಾನದ ಚರಿತ್ರೆಯಲ್ಲಿ ಈ ಗ್ರಂಥಕ್ಕೆ ಒಂದು ವಿಶೇಷ ಸ್ಥಾನವಿದೆ. ಮಲಬಾರಿನ ಅಂಗಾಡಿಪುರಂ ಬಳಿ, ನೆಲದಲ್ಲಿದ್ದಾಗ ಕತ್ತಿಯಿಂದ ಕೊಯ್ಯುವಷ್ಟು ಮೆದುವಾಗಿದ್ದು ಗಾಳಿಗೆ ಒಡ್ಡಿದೊಡನೆ ಇಟ್ಟಿಗೆಯಂತೆ ಗಟ್ಟಿಯಾಗುವ ಕೆಂಪು ಕಲ್ಲನ್ನು ಕಂಡು, ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ ‘ಲ್ಯಾಟರೈಟ್’ ಎಂಬ ಪದವನ್ನು ಅವನು ಟಂಕಿಸಿದನು. ಆ ಪದ ಇಂದು ಜಗತ್ತಿನ ಎಲ್ಲ ಉಷ್ಣವಲಯಗಳ ಭೂವಿಜ್ಞಾನದಲ್ಲಿ ಬಳಕೆಯಲ್ಲಿದೆ. ದೇಶೀ ಭಾಷೆಗಳಲ್ಲಿ ಆ ಕಲ್ಲನ್ನು ‘ಇಟ್ಟಿಗೆ ಕಲ್ಲು’ ಎಂದು ಕರೆಯುತ್ತಾರೆಂಬುದನ್ನು ಬುಕಾನನ್ನನು ತಾನೇ ದಾಖಲಿಸಿರುವುದು ಇಲ್ಲಿ ಹೆಚ್ಚು ಮುಖ್ಯ. ಕನ್ನಡದ ‘ಜಂಬಿಟ್ಟಿಗೆ’ಯಲ್ಲೂ ಅದೇ ಇಟ್ಟಿಗೆಯಿದೆ. ಎಂದರೆ ವಿಜ್ಞಾನದ ಈ ಪಾರಿಭಾಷಿಕವು ಕಲ್ಲು ಕಡಿಯುವವರ ಮಾತಿನ ಅನುವಾದವೇ ಆಗಿದೆ. ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವ ಕ್ರಮವನ್ನೂ ಅವನು ಕೇಳಿ ಬರೆದುಕೊಂಡಿದ್ದಾನೆ. ಕಂಪನಿ ಸರಕಾರದ ಆದಾಯದ ಹಿತವನ್ನು ಬುಕಾನನ್ ಎಂದೂ ಮರೆತವನಲ್ಲ. ಜನರ ಬಗೆಗಿನ ಅವನ ತೀರ್ಮಾನಗಳಲ್ಲಿ ಒರಟುತನವಿದೆ. ಆದರೂ ನೆಲದ ವಿಷಯದಲ್ಲಿ ಅವನು ಕೇಳಿಸಿಕೊಂಡನು. ಅವನ ನಂತರದವರಲ್ಲಿ ಈ ಗುಣ ವಿರಳವಾಗುತ್ತ ಹೋಯಿತು.

ಅಷ್ಟರಲ್ಲೇ ಇನ್ನೊಂದು ಬಗೆಯ ಅಳತೆ ಘಟ್ಟ ಇಳಿದು ಬಂದಿತ್ತು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನೂ 1802ರಲ್ಲಿ ಮದರಾಸಿನ ಸೈಂಟ್ ಥಾಮಸ್ ಮೌಂಟ್ ಬಳಿ ಮತ್ತೊಂದನ್ನೂ ಅಳೆದು, ತ್ರಿಕೋನಗಳ ಸರಪಣಿಯನ್ನು ಮಂಗಳೂರಿನವರೆಗೆ ಒಯ್ದನು. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ಸುಮಾರು 400 ಮೈಲಿ ಎಂದು ಅಂದಿನ ನಕ್ಷೆಗಳು ಹೇಳುತ್ತಿದ್ದುದು ಈ ಅಳತೆಯಿಂದ ಸುಮಾರು 360 ಮೈಲಿಗೆ ಇಳಿಯಿತು. ಪರ್ಯಾಯದ್ವೀಪವೇ ನಲವತ್ತು ಮೈಲಿ ಕಿರಿದಾಯಿತೆನ್ನಬಹುದು. ಇದರ ವರದಿ 1808ರ ‘ಏಷಿಯಾಟಿಕ್ ರಿಸರ್ಚಸ್’ನ ಹತ್ತನೆಯ ಸಂಪುಟದಲ್ಲಿ ಪ್ರಕಟವಾಗಿದೆ. ಲ್ಯಾಂಬ್ಟನ್ನನ ಸಾಧನೆ ನಿರ್ವಿವಾದವಾದುದು. ಆದರೆ ತ್ರಿಕೋನಮಿತಿಗೆ ಬೇಕಾದುದು ಶಿಖರಗಳು. ಒಂದರಿಂದ ಇನ್ನೊಂದು ಕಾಣುವ, ಧ್ವಜ ನೆಡಬಹುದಾದ ಎತ್ತರಗಳು. ಶಿಖರದಿಂದ ಶಿಖರಕ್ಕೆ ನೆಗೆಯುವ ಕಣ್ಣಿಗೆ ನಡುವಿನ ಅಡ್ಕವೂ ಬೈಲೂ ಒಂದೇ. ಬುಕಾನನ್ನನ ಕಾಲ್ನಡಿಗೆಯ ದಿನಚರಿ ಮತ್ತು ಲ್ಯಾಂಬ್ಟನ್ನನ ತ್ರಿಕೋನಗಳು ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಒಂದೇ ಸೀಮೆಯ ಮೇಲೆ ಹಾದುಹೋದ ಎರಡು ಭಿನ್ನ ಜ್ಞಾನಕ್ರಮಗಳು. ಮುಂದೆ ಸರಕಾರೀ ನಕ್ಷಾರಚನೆಯು ಎರಡನೆಯದರ ದಾರಿ ಹಿಡಿದುದು ಆಕಸ್ಮಿಕವಲ್ಲ.

1905ರ ಬಳಿಕ ರೂಪುಗೊಂಡ ಹಾಳೆಗಳ ಕ್ರಮಸಂಖ್ಯೆಯು ಈ ಪ್ರದೇಶದ ಓದುಗನಿಗೆ ಒಂದು ವಿಚಿತ್ರ ತೊಡಕನ್ನು ತಂದಿಟ್ಟಿದೆ. 13 ಡಿಗ್ರಿ ಉತ್ತರ ಅಕ್ಷಾಂಶವೂ 75 ಡಿಗ್ರಿ ಪೂರ್ವ ರೇಖಾಂಶವೂ ಒಂದನ್ನೊಂದು ಕತ್ತರಿಸುವ ಬಿಂದು ಬಂಟ್ವಾಳ ಮತ್ತು ಮೂಡುಬಿದಿರೆಗಳ ನಡುವೆ ಬೀಳುತ್ತದೆ. ಆದಕಾರಣ 48ನೆಯ ಸಂಖ್ಯೆಯ ಮಹಾಚೌಕದ ಕೆ, ಎಲ್, ಒ, ಪಿ ಎಂಬ ನಾಲ್ಕು ವಿಭಾಗಗಳ ಮೂಲೆಗಳು ಇಲ್ಲಿಯೇ ಸೇರುತ್ತವೆ. ಮೂಡುಬಿದಿರೆ 48 ಕೆ/16ರ ಪೂರ್ವದಂಚಿನಲ್ಲಿದೆ, ಮಂಗಳೂರು 48 ಎಲ್/13ರಲ್ಲಿದೆ, ನಾರಾವಿಯ ಕಡೆಯ ಸೀಮೆ 48 ಒ/4ರಲ್ಲಿದೆ, ಬಂಟ್ವಾಳವೂ ಕಲ್ಲಡ್ಕವೂ 48 ಪಿ/1ರಲ್ಲಿವೆ. ಕಲ್ಲಡ್ಕದ ಮೂಲಕ ಹಾಯುವ ಹೆದ್ದಾರಿಯ ಹಳೆಯ ಸಂಖ್ಯೆಯೂ 48 ಆಗಿದ್ದುದು ಬರಿಯ ಕಾಕತಾಳೀಯ. ಈಗ ಅದು 75 ಆಗಿರುವುದೂ ಹಾಗೆಯೇ. ಫಲ್ಗುಣಿ ಹೊಳೆಯ ಕೊಳ್ಳವನ್ನು ಆದ್ಯಂತವಾಗಿ ನೋಡಬಯಸುವವನು ಹಲವು ಹಾಳೆಗಳನ್ನು ಅಂಚಿಗೆ ಅಂಚು ಹೊಂದಿಸಿ ನೆಲದ ಮೇಲೆ ಹರಡಬೇಕಾಗುತ್ತಿತ್ತು. ಒಂದು ಜನಪದ ಸೀಮೆಯಾಗಿ ಅಖಂಡವಾಗಿರುವ ಪ್ರದೇಶ ಕಾಗದದ ಮೇಲೆ ನಾಲ್ಕು ಮೂಲೆಗಳಾಗಿ ಒಡೆದುಹೋಗಿದೆ.

ಆಡಳಿತದ ಒಡಕು ಇದಕ್ಕಿಂತ ಆಳವಾದುದು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಕನ್ನಡ ಮದರಾಸಿನಲ್ಲಿ ಉಳಿಯಿತು. 1894ರಲ್ಲಿ ಸ್ಥಾಪನೆಯಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯು ರಾಬರ್ಟ್ ಬ್ರೂಸ್ ಫೂಟ್, ಸ್ಮೀತ್, ಬಿ. ರಾಮರಾವ್ ಮೊದಲಾದವರ ದುಡಿಮೆಯಿಂದ ಭಾರತದಲ್ಲೇ ಗಣ್ಯವಾದ ಕೆಲಸ ಮಾಡಿತು. ಆದರೆ ಅದರ ಸುತ್ತಿಗೆ ಘಟ್ಟದ ನೆತ್ತಿಯಲ್ಲಿ ನಿಲ್ಲಬೇಕಾಗಿತ್ತು, ಅಲ್ಲಿಂದ ಕೆಳಗೆ ಇನ್ನೊಂದು ಸರಕಾರ. ಮದರಾಸಿಗಾದರೋ ಈ ಜಿಲ್ಲೆ ದೂರದ ಮೂಲೆ. ಸ್ಟರಕ್ ಮತ್ತು ಸ್ಟೂವರ್ಟರ ಜಿಲ್ಲಾ ಕೈಪಿಡಿಯಲ್ಲಿ (1894, 1895) ಭೂಹಿಡುವಳಿ, ಕಂದಾಯಗಳಿಗೆ ದೊರೆತ ವಿಸ್ತಾರದ ಮುಂದೆ ಭೂರಚನೆಯ ವಿವರ ಬಹು ಸಂಕ್ಷಿಪ್ತವಾಗಿದೆ. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದರೂ ಕಾಸರಗೋಡು ಕೇರಳಕ್ಕೆ ಸೇರಿತು. ಅಡ್ಯನಡ್ಕದಿಂದ ಬದಿಯಡ್ಕದವರೆಗೆ ಒಂದೇ ಆಗಿ ಹಬ್ಬಿರುವ ಮುರಕಲ್ಲಿನ ನೆಲ ಎರಡು ರಾಜ್ಯಗಳ ವರದಿಗಳಲ್ಲಿ ಹಂಚಿಹೋಯಿತು. ಬಿ.ಪಿ. ರಾಧಾಕೃಷ್ಣ ಮತ್ತು ಆರ್. ವೈದ್ಯನಾಥನ್ ಅವರು 1994ರಲ್ಲಿ ಹೊರತಂದ ಕರ್ನಾಟಕ ಭೂವಿಜ್ಞಾನದ ಗ್ರಂಥವು ನಾಡಿನ ಶಿಲಾಚರಿತ್ರೆಯನ್ನು ಒಂದೆಡೆ ತಂದ ಮಹತ್ತ್ವದ ಕೃತಿ. ಆದರೂ ನಾಡಿನ ಭೂವಿಜ್ಞಾನದಲ್ಲಿ ಧಾರವಾಡ ಶಿಲಾಸಮೂಹ, ಕೋಲಾರ, ಬಳ್ಳಾರಿಗಳಿಗೆ ಸಂದ ಗಮನದ ಪಾಲು ಕರಾವಳಿಯ ಮುರಕಲ್ಲಿಗೆ ಸಂದಿಲ್ಲ. ಚಿನ್ನ, ಕಬ್ಬಿಣಗಳಿಲ್ಲದ ನೆಲಕ್ಕೆ ವಿವರಣೆಯೂ ಕಡಿಮೆಯೆಂಬುದು ಈ ಶಾಸ್ತ್ರದ ಹಳೆಯ ವಾಡಿಕೆ.

ಈ ಮುರಕಲ್ಲಿನ ರಚನೆಯನ್ನು ಸ್ವಲ್ಪ ವಿವರವಾಗಿ ಗಮನಿಸುವುದು ಇಲ್ಲಿ ಅವಶ್ಯ. ತಳದಲ್ಲಿರುವುದು 250 ಕೋಟಿ ವರ್ಷಗಳಿಗೂ ಹಿಂದಿನ ನೈಸ್ ಶಿಲೆ. ಕಾರಿಂಜದ ಬೆಟ್ಟ, ಬೆಳ್ತಂಗಡಿಯ ಗಡಾಯಿಕಲ್ಲು, ಮೂಡುಬಿದಿರೆಯ ಕೊಣಾಜೆಕಲ್ಲುಗಳಲ್ಲಿ ಗಟ್ಟಿಶಿಲೆ ಬತ್ತಲಾಗಿ ಮೇಲೆದ್ದಿದೆ. ಉಳಿದೆಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆಯೂ ಅದರ ಬೆನ್ನಿಗೆ ಬರುವ ಸುಡುಬೇಸಗೆಯೂ ಯುಗಯುಗಗಳ ಕಾಲ ಆ ಶಿಲೆಯನ್ನು ಕೊಳೆಯಿಸಿ, ಸಿಲಿಕ ಹಾಗೂ ಕ್ಷಾರಾಂಶಗಳನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮಿನ ಆಕ್ಸೈಡುಗಳನ್ನು ಮೇಲೆ ಉಳಿಸಿವೆ. ಹೀಗೆ ಉಳಿದುದು ಒಣಗಿ ಗಡುಸಾದ ಹೊರಪದರವೇ ಮುರಕಲ್ಲು. ಅದರ ಕೆಳಗೆ, ಗಟ್ಟಿಶಿಲೆಗಿಂತ ಮೇಲೆ, ಬಿಳಿ ಅಥವಾ ತಿಳಿಗೆಂಪು ಬಣ್ಣದ ಜೇಡಿಯ ಪದರವೊಂದಿದೆ. ಮೇಲಿನ ಮುರಕಲ್ಲು ರಂಧ್ರಮಯ, ನೀರನ್ನು ಬಿಟ್ಟುಕೊಡುತ್ತದೆ. ಕೆಳಗಿನ ಜೇಡಿ ನೀರನ್ನು ತಡೆಯುತ್ತದೆ. ಪದವಿನ ಮೇಲೆ ಬಿದ್ದ ಮಳೆ ಇಳಿದು, ಜೇಡಿಯ ನೆತ್ತಿಯಲ್ಲಿ ಅಡ್ಡಕ್ಕೆ ಸರಿದು, ಬರೆಯ ಬುಡದಲ್ಲಿ ಒಸರಾಗಿ ಬೈಲಿಗೆ ಸೇರುತ್ತದೆ. ಬಂಜರೆಂದು ತೋರುವ ಪದವು ಕೆಳಗಿನ ಗದ್ದೆ, ತೋಟಗಳ ನೀರಿನ ತಾಯಿ. ಇಪ್ಪತ್ತೊಂದನೆಯ ಶತಮಾನದಲ್ಲಿ ಮ್ಯಾಂಗನೀಸ್ ಖನಿಜಗಳ ಆರ್ಗಾನ್ ಕಾಲಗಣನೆಯಿಂದ ನಡೆದ ಸಂಶೋಧನೆಗಳು ಘಟ್ಟದ ಕೆಳಗಿನ ಈ ತಗ್ಗುನೆಲವೂ ಅದರ ಜಂಬಿಟ್ಟಿಗೆಯೂ ಸುಮಾರು ನಾಲ್ಕೂವರೆ ಕೋಟಿ ವರ್ಷಗಳಷ್ಟು ಹಿಂದೆಯೇ ರೂಪುಗೊಂಡಿದ್ದುವೆಂದು ತೋರಿಸಿವೆ.

ಶಿಲೆಗಳ ಈ ವ್ಯತ್ಯಾಸ ಕಟ್ಟುವವರಿಗೆ ಚೆನ್ನಾಗಿ ತಿಳಿದಿತ್ತು. ಕಾರ್ಕಳದಲ್ಲಿ 1432ರಲ್ಲಿ, ವೇಣೂರಿನಲ್ಲಿ 1604ರಲ್ಲಿ ನಿಂತ ಗೊಮ್ಮಟಮೂರ್ತಿಗಳಿಗೆ, 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳಿಗೆ ಗಟ್ಟಿಶಿಲೆ. ಪ್ರಾಕಾರದ ಗೋಡೆಗಳಿಗೆ, ಕೊಡಂಗಲ್ಲಿನ ಸಮಾಧಿಗಳಿಗೆ ಮುರಕಲ್ಲು. ಯಾವ ಕಲ್ಲು ಉಳಿಯನ್ನು ತಾಳುತ್ತದೆ, ಯಾವುದು ಗರಗಸದಂಥ ಕೊಡಲಿಗೆ ಒಗ್ಗುತ್ತದೆ ಎಂಬ ತಿಳಿವು ಇಲ್ಲಿ ಲಿಖಿತ ಶಾಸ್ತ್ರವನ್ನು ಕಾಯಲಿಲ್ಲ.

ಇಂತಹ ನೆಲವನ್ನು ಭೂಲಕ್ಷಣ ನಕ್ಷೆಯು ಹೇಗೆ ಕಾಣಿಸಿದೆ? ಎರಡು ಕಾರಣಗಳಿಂದ ಅದು ಸೋತಿದೆ. ಮೊದಲನೆಯದು ಸಮೋನ್ನತಿ ರೇಖೆಗಳ ಅಂತರ. ಒಂದು ಮೈಲಿಗೆ ಒಂದು ಇಂಚಿನ ಹಳೆಯ ನಕ್ಷೆಗಳಲ್ಲಿ ಈ ಅಂತರ 50 ಅಡಿ. 1:50,000 ಪ್ರಮಾಣದ ಮೆಟ್ರಿಕ್ ಹಾಳೆಗಳಲ್ಲಿ 20 ಮೀಟರ್. ಮುರಕಲ್ಲಿನ ಅಂಚಾದ ಬರೆಯು ಎಷ್ಟೋ ಕಡೆ ಹತ್ತು ಹದಿನೈದು ಮೀಟರಿಗಿಂತ ಎತ್ತರವಿಲ್ಲ. ಎರಡು ರೇಖೆಗಳ ನಡುವಿನ ಬಿಳಿಯ ಜಾಗದಲ್ಲಿ ಒಂದಿಡೀ ಅಡ್ಕವೂ ಅದರ ಬರೆಯೂ ಬರೆಯ ಬುಡದ ಒಸರೂ ಅಡಗಿಹೋಗಬಹುದು. ಘಟ್ಟದ ಕಣಿವೆಗಳಿಗೆ ತಕ್ಕುದಾದ ಅಳತೆಗೋಲು ಕರಾವಳಿಯ ಕಿರು ಏರಿಳಿತಗಳಿಗೆ ಒರಟಾಗುತ್ತದೆ. ಎರಡನೆಯದು ಲಿಪಿ. ರೋಮನ್ ಅಕ್ಷರಗಳಲ್ಲಿ, ಅದೂ ಹೆಚ್ಚಿನ ಚಿಹ್ನೆಗಳಿಲ್ಲದೆ, ಊರಹೆಸರುಗಳನ್ನು ಅಚ್ಚು ಮಾಡಿದಾಗ ಹ್ರಸ್ವದೀರ್ಘಗಳೂ ಲಕಾರ ಳಕಾರಗಳೂ ದಕಾರ ಡಕಾರಗಳೂ ಒಂದಾಗುತ್ತವೆ. ಬಂಡೆಯನ್ನು ಸೂಚಿಸುವ ‘ಪಾದೆ’ ದಂಡನ್ನು ಸೂಚಿಸುವ ‘ಪಡೆ’ಯಾಗಿ ಓದಿಸಿಕೊಳ್ಳುತ್ತದೆ, ‘ಕಲ’, ‘ಕಳ’, ‘ಕಾಲ’ಗಳು ಒಂದೇ ವೇಷದಲ್ಲಿ ನಿಲ್ಲುತ್ತವೆ. ತುಳುವಿನ ಪದಾಂತ್ಯದ ಸ್ವರಕ್ಕಂತೂ ಅಲ್ಲಿ ಗುರುತೇ ಇಲ್ಲ. 1:50,000 ಪ್ರಮಾಣದ ಭೂವೈಜ್ಞಾನಿಕ ನಕ್ಷೆಗಳೂ ಇದೇ ಹಾಳೆಗಳನ್ನು ತಳಹದಿಯಾಗಿ ಬಳಸುವುದರಿಂದ ಈ ಎರಡು ಸೋಲುಗಳೂ ಅವುಗಳಿಗೆ ಬಳುವಳಿಯಾಗಿ ಬಂದಿವೆ. ಮುರಕಲ್ಲು ಅವುಗಳಲ್ಲಿ ಒಂದೇ ಬಣ್ಣದ ತೇಪೆ. ಪದವಿನ ನೆತ್ತಿಯ ಗಡುಸು ಹೊರಪದರ, ಬರೆಯಲ್ಲಿ ತೆರೆದುಕೊಂಡ ಜೇಡಿ, ಜಾರಿ ಬಂದು ಬುಡದಲ್ಲಿ ಮತ್ತೆ ಗಟ್ಟಿಯಾದ ಮುರ ಎಂಬ ಭೇದಗಳಿಗೆ ಅಲ್ಲಿ ಎಡೆಯಿಲ್ಲ.

ಕಂದಾಯದ ದಾಖಲೆ ಇದಕ್ಕಿಂತ ಹೆಚ್ಚಿನ ಹಾನಿ ಮಾಡಿದೆ. ಜಿಲ್ಲೆಯ ನೆಲವನ್ನು ಅದು ನಂಜ, ಬಾಗಾಯ್ತು, ಪುಂಜ ಎಂದು ವಿಂಗಡಿಸಿತು. ಗದ್ದೆ ನಂಜವಾಯಿತು, ತೋಟ ಬಾಗಾಯ್ತಾಯಿತು. ಅಡ್ಕ, ಪದವು, ಪಾದೆ, ಗುಡ್ಡೆಗಳೆಲ್ಲ ಪುಂಜವೋ ಪರಂಬೋಕೋ ಆದುವು. ತೆರಿಗೆ ಬರುವ ನೆಲದ ಸೂಕ್ಷ್ಮಗಳನ್ನು ಉಳಿಸಿಕೊಂಡ ಸರಕಾರ ತೆರಿಗೆ ಬಾರದ ನೆಲದ ಸೂಕ್ಷ್ಮಗಳನ್ನು ಅಳಿಸಿತು. ಕಲ್ಲಡ್ಕದ ಉದಾಹರಣೆಯೇ ಇದಕ್ಕೆ ಸಾಕು. ಈ ಪೇಟೆ ಮುಖ್ಯವಾಗಿ ಸೇರಿರುವ ಗ್ರಾಮದ ಹೆಸರು ಗೋಳ್ತಮಜಲು. ಗ್ರಾಮಕ್ಕೆ ಗದ್ದೆಯ ವಾಚಕವಾದ ಮಜಲಿನ ಹೆಸರು. ಅಡ್ಕಕ್ಕಾದರೋ ಪೇಟೆಯ, ಬಸ್ಸಿನ ಫಲಕದ, ಜನರ ಬಾಯಿಯ ಬದುಕು. ಒಂದೇ ಊರಿನ ಈ ಎರಡು ಹೆಸರುಗಳಲ್ಲಿ ಎರಡು ಭೂಸ್ತರಗಳು ಅಕ್ಕಪಕ್ಕದಲ್ಲಿವೆ.

ಭೂವಿಜ್ಞಾನಿಗಳು ಸ್ಥಳೀಯ ಮಾತನ್ನು ಒಟ್ಟಾರೆ ಕಡೆಗಣಿಸಿದರೆಂದು ತೀರ್ಮಾನಿಸುವುದೂ ನ್ಯಾಯವಲ್ಲ. ಮುರಕಲ್ಲಿನ ಕೆಳಗಿನ ಜೇಡಿಯನ್ನು ಜನ ‘ಶೇಡಿ’ ಎನ್ನುತ್ತಾರೆ. ಸುರತ್ಕಲ್ಲಿನ ತಾಂತ್ರಿಕ ವಿದ್ಯಾಸಂಸ್ಥೆಯ ಎಂಜಿನಿಯರುಗಳು ಈ ಮಣ್ಣಿನ ಗುಣಗಳನ್ನು ಪರೀಕ್ಷಿಸಿದಾಗ ಆ ಪದವನ್ನೇ ತಮ್ಮ ಆಂಗ್ಲ ಪ್ರಬಂಧಗಳಲ್ಲಿ ಉಳಿಸಿಕೊಂಡರು. ಒಣಗಿದಾಗ ಗಟ್ಟಿಯಾಗಿ ನಿಂತು, ನೀರು ಕುಡಿದೊಡನೆ ಬಲ ಕಳೆದುಕೊಂಡು ಜರಿಯುವ ಈ ಮಣ್ಣಿನ ಸ್ವಭಾವಕ್ಕೆ ಬೇರೆ ಹೆಸರು ಅಷ್ಟು ಸಲೀಸಾಗಿ ಒಗ್ಗಲಿಲ್ಲವೆಂದು ಕಾಣುತ್ತದೆ. ಹೆದ್ದಾರಿಗಾಗಿ ಬರೆಗಳನ್ನು ನೆಟ್ಟಗೆ ಕಡಿದ ಕಡೆಗಳಲ್ಲಿ ಮಳೆಗಾಲದಲ್ಲಿ ಜರಿಯುವುದು ಬಹುಮಟ್ಟಿಗೆ ಈ ಶೇಡಿಯೇ. ಬುಕಾನನ್ನನ ಇಟ್ಟಿಗೆ ಕಲ್ಲಿನ ಅನಂತರ ಎರಡು ಶತಮಾನಗಳಷ್ಟು ಅಂತರದಲ್ಲಿ ಶಾಸ್ತ್ರವು ಜನರ ಮಾತಿಗೆ ಮತ್ತೆ ಕಿವಿಗೊಟ್ಟ ನಿದರ್ಶನವಿದು.

ಈ ಸೀಮೆಯ ಭೂವಿಜ್ಞಾನದಲ್ಲಿ ನಡೆದ ಅತ್ಯಂತ ಸ್ವತಂತ್ರವಾದ ಚಿಂತನೆಯೆಂದರೆ ಮಂಗಳೂರು ವಿಶ್ವವಿದ್ಯಾನಿಲಯದ ಕೆ.ಆರ್. ಸುಬ್ರಹ್ಮಣ್ಯ ಅವರದು. 1990ರ ದಶಕದಲ್ಲಿ ಅವರು ಮಂಡಿಸಿದ ವಾದದಂತೆ ಪಶ್ಚಿಮ ತೀರದ ಮೂಲ್ಕಿಯಿಂದ ಪೂರ್ವ ತೀರದ ಪುಲಿಕಾಟ್ ಸರೋವರದವರೆಗೆ, ಸುಮಾರು 13 ಡಿಗ್ರಿ ಅಕ್ಷಾಂಶದ ಗುಂಟ, ನೆಲವು ನಿಧಾನವಾಗಿ ಬಾಗಿ ಮೇಲೇಳುತ್ತಿದೆ. ಈ ಅಕ್ಷದ ಉತ್ತರದ ನದಿಗಳು ಉತ್ತರಕ್ಕೂ ದಕ್ಷಿಣದ ನದಿಗಳು ದಕ್ಷಿಣಕ್ಕೂ ಸರಿಯುವ ಒಲವು ತೋರುತ್ತವೆಂಬುದು ಅವರು ಒದಗಿಸಿದ ಆಧಾರಗಳಲ್ಲಿ ಒಂದು. ಸ್ಥಿರವೆಂದು ಎಣಿಸಲಾಗಿದ್ದ ಪರ್ಯಾಯದ್ವೀಪದ ಒಡಲಲ್ಲಿ ಚಲನೆಯನ್ನು ಕಂಡ ಈ ವಾದವು ಭೂಕಂಪನ, ನದೀಚರಿತ್ರೆಗಳ ಅಧ್ಯಯನದಲ್ಲಿ ಚರ್ಚೆಗೆ ಒಳಗಾಗಿದೆ. ಅದರ ಎಲ್ಲ ಅಂಶಗಳನ್ನೂ ಎಲ್ಲರೂ ಒಪ್ಪಿದ್ದಾರೆಂದಲ್ಲ. ಇಲ್ಲಿ ಗಮನಿಸಬೇಕಾದುದು ಅದರ ವಿಧಾನ. ನದಿಯ ತಿರುವು, ಅಳಿವೆಯ ಸರಿದಾಟ, ಜಲವಿಭಾಜಕದ ನಡೆಗಳನ್ನು ನಕ್ಷೆಯ ಹಾಳೆಗಳ ಎಲ್ಲೆ ಮೀರಿ ಒಟ್ಟಾಗಿ ಓದಿದ್ದರಿಂದಲೇ ಅದು ಸಾಧ್ಯವಾಯಿತು. ನಾಲ್ಕು ಹಾಳೆಗಳು ಸೇರುವ 13ನೆಯ ಅಕ್ಷಾಂಶದ ಗೆರೆಯ ಬಳಿಯಲ್ಲೇ, ನಕ್ಷಾಕಾರನು ಕತ್ತರಿ ಆಡಿಸಿದ ಎಡೆಯಲ್ಲೇ, ನೆಲದ ಒಂದು ಮುಖ್ಯ ಸಂಗತಿ ಕಾದುಕೊಂಡಿತ್ತು.

ಇನ್ನು ಭಾಷೆಯ ಕಡೆಯ ವಿದ್ವಾಂಸರ ಕೆಲಸ. ಬಾಸೆಲ್ ಮಿಷನ್ನಿನ ಮ್ಯಾನರ್ 1886ರಲ್ಲಿ ತುಳು-ಇಂಗ್ಲಿಷ್ ನಿಘಂಟನ್ನು ಹೊರತಂದನು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು ಈ ದಿಸೆಯ ಮೇರುಕೃತಿ. ಸೇಡಿಯಾಪು ಕೃಷ್ಣ ಭಟ್ಟರು ದೇಶನಾಮಗಳ ವಿಚಾರದಲ್ಲಿ ತೋರಿದ ನಿಷ್ಠುರ ತರ್ಕಕ್ಕೆ ಸಾಟಿ ವಿರಳ. ಇವರೆಲ್ಲರ ದುಡಿಮೆಯ ಫಲವಾಗಿ ಅಡ್ಕ, ಪದವು, ಮಜಲುಗಳು ಪ್ರಕೃತಿಸೂಚಕ ವಾರ್ಗಿಕಗಳೆಂದು ಇಂದು ಯಾವ ಸ್ಥಳನಾಮ ಪ್ರಬಂಧದಲ್ಲಾದರೂ ಕಾಣಸಿಗುತ್ತವೆ. ಆದರೆ ಹೆಚ್ಚಿನ ಪ್ರಬಂಧಗಳು ಅಲ್ಲಿಗೇ ನಿಲ್ಲುತ್ತವೆ. ಅಡ್ಕಾಂತ್ಯ ಹೆಸರುಗಳ ಪಟ್ಟಿ ಸಿದ್ಧವಾಗುತ್ತದೆ. ಆ ಊರುಗಳು ಎಷ್ಟು ಎತ್ತರದಲ್ಲಿವೆ, ಯಾವ ಶಿಲೆಯ ಮೇಲಿವೆ, ಅಲ್ಲಿಯ ಬಾವಿಯ ಆಳವೆಷ್ಟು ಎಂಬ ಪ್ರಶ್ನೆಗಳು ಏಳುವುದಿಲ್ಲ. ಭೂವಿಜ್ಞಾನಿ ಶಬ್ದಕೋಶವನ್ನು ತೆರೆಯದಿರುವುದು ಒಂದು ಕೊರತೆಯಾದರೆ, ಶಬ್ದಶಾಸ್ತ್ರಜ್ಞನು ಸುತ್ತಿಗೆ ಹಿಡಿಯದಿರುವುದು ಅಷ್ಟೇ ದೊಡ್ಡ ಕೊರತೆ.

ಇದರ ಇನ್ನೊಂದು ತುದಿಯಲ್ಲಿ ಉತ್ಸಾಹದ ಅತಿರೇಕವಿದೆ. ಪರಶುರಾಮನು ಕೊಡಲಿ ಬೀಸಿ ಕಡಲಿನಿಂದ ಈ ನೆಲವನ್ನು ಪಡೆದನೆಂಬ ಐತಿಹ್ಯವು ಸಮುದ್ರ ಹಿಂಜರಿದ ಭೂವೈಜ್ಞಾನಿಕ ಘಟನೆಯ ನೆನಪೆಂದು ಸ್ಥಳೀಯ ಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರೆಯಲಾಗಿದೆ. ನೆಲದ ಸಾಕ್ಷ್ಯ ಇದನ್ನು ಒಪ್ಪುವುದಿಲ್ಲ. ಕಲ್ಲಡ್ಕದ ಬುಡದ ಶಿಲೆಯ ವಯಸ್ಸು ನೂರಾರು ಕೋಟಿ ವರ್ಷಗಳ ಲೆಕ್ಕದ್ದು, ಮುರಕಲ್ಲಿನದು ಕೋಟಿಗಳ ಲೆಕ್ಕದ್ದು; ಅದನ್ನು ನೆನಪಿಡಲು ಮನುಷ್ಯನಿರಲಿಲ್ಲ. ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಕಡಲಮಟ್ಟದ ಏರಿಳಿತದಿಂದ ಬದಲಾದುದು ಅಳಿವೆ, ಮರಳದಿಣ್ಣೆಗಳ ಕಿರಿದಾದ ತೀರಪಟ್ಟಿ ಮಾತ್ರ. ಐತಿಹ್ಯಕ್ಕೆ ಭೂಸ್ವಾಮ್ಯದ ಚರಿತ್ರೆಯಲ್ಲಿ ಅರ್ಥವಿದೆ, ಶಿಲೆಯ ಚರಿತ್ರೆಯಲ್ಲಿ ಇಲ್ಲ. ಜನಪದರ ಭೂಜ್ಞಾನವನ್ನು ಐತಿಹ್ಯದಲ್ಲಿ ಹುಡುಕುವವರು ಅದು ನಿಜವಾಗಿ ಇರುವ ಎಡೆಯನ್ನು, ಎಂದರೆ ದಿನಬಳಕೆಯ ಸಾಮಾನ್ಯ ನಾಮಪದಗಳನ್ನು, ದಾಟಿಹೋಗುತ್ತಾರೆ.

ಆ ಜ್ಞಾನ ಕೈಕೆಲಸದಲ್ಲೂ ಇದೆ. ಬಂಟ್ವಾಳ ತಾಲೂಕಿನ ಮಾಣಿಲ, ಕೇಪು ಮುಂತಾದ ಗ್ರಾಮಗಳಲ್ಲಿ ಮತ್ತು ಗಡಿಯಾಚೆಯ ಕಾಸರಗೋಡಿನಲ್ಲಿ ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ಕುಡಿಯುವ ನೀರೂ ತೋಟದ ನೀರೂ ಬರುತ್ತದೆ. ಮುರಕಲ್ಲಿನೊಳಗೆ ಒಬ್ಬ ಮನುಷ್ಯ ಹೋಗುವಷ್ಟು ಕಂಡಿ ಕೊರೆದು, ಜೇಡಿಯ ನೆತ್ತಿಯಲ್ಲಿ ಸರಿಯುವ ನೀರನ್ನು ಪಂಪಿನ ಹಂಗಿಲ್ಲದೆ ಹೊರಕ್ಕೆ ಹರಿಯಿಸುವ ವಿಧಾನವಿದು. ಅಡ್ಯನಡ್ಕ ಸಮೀಪದ ಅಮೈಯ ಮಹಾಲಿಂಗ ನಾಯ್ಕರು ಬೋಳುಗುಡ್ಡದ ತಮ್ಮ ಜಾಗದಲ್ಲಿ ಒಬ್ಬರೇ ಸುರಂಗಗಳನ್ನು ಕೊರೆದು, ಮೊದಲ ಹಲವು ಪ್ರಯತ್ನಗಳು ಒಣಗಿಹೋದರೂ ಬಿಡದೆ ನೀರು ಕಂಡು ತೋಟ ಎಬ್ಬಿಸಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಪತ್ರಕರ್ತ ಶ್ರೀಪಡ್ರೆಯವರ ಬರಹಗಳೂ ವಿದೇಶೀ ಸಂಶೋಧಕರ ಅಧ್ಯಯನಗಳೂ ಸುರಂಗಗಳನ್ನು ವಿದ್ವತ್ತಿನ ಗಮನಕ್ಕೆ ತಂದಿವೆ. ಈ ಬರಹಗಳಲ್ಲಿ ಸುರಂಗದ ಉದ್ದ, ವೆಚ್ಚ, ಒಡೆತನಗಳ ವಿವರ ಸಮೃದ್ಧವಾಗಿದೆ. ಎಲ್ಲಿ ಕೊರೆಯಬೇಕೆಂದು ನಿರ್ಧರಿಸುವವನು ನೋಡುವ ಗುರುತುಗಳು, ಮಣ್ಣಿನ ಬಣ್ಣ, ತೇವದ ಮರಗಳು, ಬರೆಯ ಓಲುವೆ ಇವುಗಳ ವಿವರಣೆ ಅಷ್ಟು ವ್ಯವಸ್ಥಿತವಾಗಿ ಬಂದಿಲ್ಲ. ಒಣಗಿದ ಸುರಂಗವೂ ಒಂದು ಭೂವೈಜ್ಞಾನಿಕ ಮಾಹಿತಿಯೇ. ಜೇಡಿ ಅಲ್ಲಿ ಯಾವ ಮಟ್ಟದಲ್ಲಿಲ್ಲ ಎಂಬುದನ್ನು ಅದು ಹೇಳುತ್ತದೆ.

ಹೆಸರಿನ ಅರ್ಥ ಕಳೆದುಕೊಂಡ ನೆಲಕ್ಕೆ ಏನಾಗುತ್ತದೆಂಬುದಕ್ಕೆ ಕಲ್ಲುಕೋರೆಗಳೇ ಸಾಕ್ಷಿ. ಮುರಕಲ್ಲು ಕಾನೂನಿನಲ್ಲಿ ಉಪಖನಿಜ. ಕಡತದಲ್ಲಿ ಪರಂಬೋಕಾದ ಪದವನ್ನು ಅಗೆಯುವುದು ಬಂಜರನ್ನು ಉಪಯೋಗಕ್ಕೆ ತಂದಂತೆ ತೋರುತ್ತದೆ. ಗಡುಸು ಪದರವನ್ನು ಯಂತ್ರದಿಂದ ಕೊಯ್ದು ಒಯ್ದ ಮೇಲೆ ಶೇಡಿ ಬತ್ತಲಾಗುತ್ತದೆ, ಮಳೆನೀರು ಇಂಗುವ ಬದಲು ಕೆಸರಾಗಿ ತೋಡಿಗಿಳಿಯುತ್ತದೆ, ಕೆಳಗಿನ ಬೈಲಿನ ಒಸರು ಬತ್ತುತ್ತದೆ. ಅನುಮತಿಯ ಅರ್ಜಿಯೊಡನೆ ಲಗತ್ತಾಗುವ ನಕ್ಷೆಯಲ್ಲಿ ಸರ್ವೆ ನಂಬರಿರುತ್ತದೆ; ಅದು ಯಾವ ಬೈಲಿನ ಪದವು ಎಂಬುದಿರುವುದಿಲ್ಲ. ಮನೆ ಕಟ್ಟಲು ಮುರಕಲ್ಲು ಬೇಡವೆನ್ನುವವರು ಈ ಜಿಲ್ಲೆಯಲ್ಲಿ ಯಾರೂ ಇರಲಾರರು. ಎಲ್ಲಿ ಕಡಿಯಬಹುದು, ಎಲ್ಲಿ ಕಡಿಯಬಾರದು ಎಂಬ ವಿವೇಚನೆಗೆ ಬೇಕಾದ ಭಾಷೆ ದಾಖಲೆಯಲ್ಲಿ ಇಲ್ಲವೆಂಬುದೇ ಇಲ್ಲಿಯ ಪ್ರಶ್ನೆ.

ಇಂತಹ ಅಧ್ಯಯನಕ್ಕೆ ಬಹುಕಾಲ ಇದ್ದ ಒಂದು ಹೊರಗಿನ ಅಡ್ಡಿ ಈಗ ಇಲ್ಲವಾಗಿದೆ. ಗಡಿ ಮತ್ತು ಕರಾವಳಿ ಪಟ್ಟಿಯ ಸವಿವರ ಹಾಳೆಗಳು ದೀರ್ಘಕಾಲ ನಿರ್ಬಂಧಿತವಾಗಿದ್ದುವು. ತನ್ನ ಊರಿನ ಸಮೋನ್ನತಿ ರೇಖೆಗಳನ್ನು ನೋಡಲು ಸ್ಥಳೀಯ ಅಧ್ಯಾಪಕನು ಅನುಮತಿಗಾಗಿ ಕಾಯಬೇಕಾಗಿತ್ತು. 2005ರ ರಾಷ್ಟ್ರೀಯ ನಕ್ಷಾನೀತಿಯು ಸಾರ್ವಜನಿಕ ಬಳಕೆಗೆ ಪ್ರತ್ಯೇಕ ಹಾಳೆಗಳ ಸರಣಿಯನ್ನು ತಂದಿತು. 2021ರ ಫೆಬ್ರವರಿಯ ಮಾರ್ಗಸೂಚಿಗಳು ಮತ್ತು 2022ರ ಭೂಪ್ರಾದೇಶಿಕ ನೀತಿಯು ಭಾರತೀಯ ಸಂಸ್ಥೆಗಳೂ ವ್ಯಕ್ತಿಗಳೂ ನಕ್ಷೆ ರಚಿಸುವುದನ್ನು ಬಹುಮಟ್ಟಿಗೆ ಮುಕ್ತಗೊಳಿಸಿದುವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ‘ಭೂಕೋಶ್’ ತಾಣದಲ್ಲಿ ಶಿಲಾನಕ್ಷೆಗಳು ದೊರೆಯುತ್ತವೆ. ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಹ್ರಸ್ವದೀರ್ಘ ತಪ್ಪದಂತೆ ಬರೆದು, ಮುರ, ಶೇಡಿ, ಪಾದೆಗಳನ್ನು ಬೇರೆ ಬೇರೆ ಗುರುತಿಸಿ, ಐದು ಮೀಟರ್ ಅಂತರದ ರೇಖೆಗಳಿರುವ ಗ್ರಾಮನಕ್ಷೆಯನ್ನು ಒಂದು ಕಾಲೇಜಿನ ಭೂಗೋಳ ಮತ್ತು ಕನ್ನಡ ವಿಭಾಗಗಳು ಕೂಡಿ ಮಾಡುವುದು ಅಸಾಧ್ಯವಲ್ಲ.

ಅಂತಹ ಕೆಲಸಕ್ಕೆ ತೊಡಗುವವರು ಹೆಸರನ್ನು ಕುರುಡಾಗಿ ನಂಬುವಂತೆಯೂ ಇಲ್ಲ. ಮಂಗಳೂರಿನ ಪದವಿನಂಗಡಿಯಲ್ಲಿ ಅಂಗಡಿಗಳಿವೆ, ಪದವು ಮನೆಗಳಡಿ ಮರೆಯಾಗಿದೆ. ಕುಟುಂಬಗಳು ವಲಸೆ ಹೋದಾಗ ಊರಹೆಸರನ್ನು ಮನೆತನದ ಹೆಸರಾಗಿ ಒಯ್ದು ಬೇರೆ ನೆಲಕ್ಕೆ ಅಂಟಿಸಿದ್ದುಂಟು. ಕಲ್ಲಡ್ಕದ ‘ಕಲ್ಲ್’ ಕೂಡ ಇತ್ಯರ್ಥವಾದ ವಿಷಯವಲ್ಲ. ತುಳುವಿನಲ್ಲಿ ಮುರಕಲ್ಲಿಗೂ ಕರಿಗಲ್ಲಿಗೂ ಕಲ್ಲೆಂಬುದು ಸಾಮಾನ್ಯ ಪದ. ಪೇಟೆಯ ಸಮೀಪದಲ್ಲೇ ನರಹರಿ ಪರ್ವತವು ಬಂಡೆಯ ಮೈಯೊಡನೆ ಎದ್ದು ನಿಂತಿದೆ. ಸುತ್ತಲ ಗುಡ್ಡಗಳ ನೆತ್ತಿಯಲ್ಲಿ ಮುರಕಲ್ಲಿದೆ. ಹೆಸರಿಟ್ಟವರು ಕಂಡ ಕಲ್ಲು ಇವೆರಡರಲ್ಲಿ ಯಾವುದೆಂಬುದನ್ನು ನಿಘಂಟು ಹೇಳಲಾರದು, 48 ಪಿ/1 ಹಾಳೆಯೂ ಹೇಳಲಾರದು. ಅದಕ್ಕೆ ಗೋಳ್ತಮಜಲಿನ ಗದ್ದೆಯಂಚಿನಿಂದ ಮೇಲಕ್ಕೆ, ಬರೆ ಹತ್ತಿ, ಹೆದ್ದಾರಿಯ ಕಡಿತಗಳಲ್ಲಿ ತೆರೆದುಕೊಂಡ ಪದರಗಳನ್ನು ಹುಲ್ಲು ಮುಚ್ಚುವ ಮೊದಲೇ ನೋಡಿ ಬರೆದುಕೊಳ್ಳಬೇಕಾಗಿದೆ.